ಪಾದದ 26 ಎಲುಬುಗಳು

ಮನುಷ್ಯನ ದೇಹದಲ್ಲಿ 206 ಎಲುಬುಗಳಿವೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಅವುಗಳಲ್ಲಿ 52 ಎಲುಬುಗಳು ಎರಡು ಪಾದಗಳಲ್ಲಿಯೇ ಇವೆ. ಒಂದೊಂದು ಪಾದಕ್ಕೆ 26. ದೇಹದ ಎಲುಬುಗಳಲ್ಲಿ ಸರಿಸುಮಾರು ಕಾಲು ಭಾಗ ಕಾಲಿನ ತುದಿಯಲ್ಲೇ ಇದೆ ಎಂದರೆ ಅನೇಕರು ನಂಬುವುದಿಲ್ಲ. ಹೊರಗಿನಿಂದ ನೋಡಿದರೆ ಪಾದ ಒಂದೇ ಹಲಗೆಯಂತೆ ಕಾಣುವುದರಿಂದ ಹಾಗೆ ಅನಿಸುವುದು ಸಹಜ.

ಎಲುಬು-ಕೀಲು ವಿಭಾಗಕ್ಕೆ ಬರುವವರಲ್ಲಿ ಬಹಳ ಜನ "ಡಾಕ್ಟರೇ, ಕಾಲು ನೋವು" ಎಂದು ಹೇಳಿ ಸುಮ್ಮನಾಗುತ್ತಾರೆ. ಎಲ್ಲಿ ಎಂದು ಕೇಳಿದರೆ ಮೊಣಕಾಲಿನಿಂದ ಬೆರಳಿನವರೆಗೆ ಕೈಯಾಡಿಸಿ "ಇಲ್ಲೆಲ್ಲಾ" ಎನ್ನುತ್ತಾರೆ. ಒಂದು ಬೆರಳಿಟ್ಟು "ಇಲ್ಲೇ" ಎಂದು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಎಕ್ಸ್-ರೇ ಬೇಕೋ ಬೇಡವೋ, ಬೇಕಾದರೆ ಯಾವ ಕಡೆಯಿಂದ ತೆಗೆಯಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ಇನ್ನು ಕೆಲವರು ಬರುವುದೇ ತಡವಾಗಿ. ಅವರ ಪಾದದ ಎಲುಬುಗಳು ಒಂದೊಂದಾಗಿ ಮುರಿದಿರುತ್ತವೆ, ಆದರೂ ಅವರಿಗೆ ಹೇಳಿಕೊಳ್ಳುವಂಥ ನೋವು ಇರುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬರುವ ಈ ತೊಂದರೆಯ ಬಗ್ಗೆ ಕೊನೆಯಲ್ಲಿ ವಿವರವಾಗಿ ಬರೆದಿದೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಬೇರೆ ಏನನ್ನು ಬಿಟ್ಟರೂ ಆ ಭಾಗವನ್ನು ಓದದೆ ಬಿಡಬೇಡಿ.

ಈಗ ಚಪ್ಪಲಿ ಕಳಚಿ ಒಂದು ಪಾದವನ್ನು ಇನ್ನೊಂದು ಕಾಲಿನ ಮೊಣಕಾಲ ಮೇಲೆ ಇಟ್ಟುಕೊಳ್ಳಿ. ಓದುತ್ತಾ ನಿಮ್ಮ ಪಾದವನ್ನೇ ಮುಟ್ಟಿ ನೋಡಿ. ಬಗ್ಗಲು ಆಗದ ಹಿರಿಯರಿದ್ದರೆ ಜೊತೆಗೆ ಬಂದವರು ಅವರ ಪಾದ ಹಿಡಿದು ನೋಡಬಹುದು.

ಪಾದದ ಹಿಂಭಾಗ

ಪಾದದ ಗಂಟಿನ ಎರಡೂ ಬದಿಗೆ ಉಬ್ಬಿಕೊಂಡಿರುವ ಎಲುಬುಗಳನ್ನು ಮೊದಲು ಮುಟ್ಟಿ. ಇವು ಪಾದದ 26ರಲ್ಲಿ ಸೇರುವುದಿಲ್ಲ. ಮೊಣಕಾಲಿನಿಂದ ಕೆಳಗೆ ಇಳಿಯುವ ಎರಡು ಉದ್ದನೆಯ ಎಲುಬುಗಳ ತುದಿಗಳು ಇವು. ಒಳಗಡೆಯದು ದಪ್ಪ ಎಲುಬಿನದು, ಹೊರಗಡೆಯದು ತೆಳುವಾದ ಎಲುಬಿನದು. ಹೊರಗಡೆಯ ಉಬ್ಬು ಸ್ವಲ್ಪ ಹೆಚ್ಚು ಕೆಳಕ್ಕೆ ಇಳಿದಿರುವುದನ್ನು ಗಮನಿಸಿ. ಈ ರಚನೆಯಿಂದಾಗಿ ಪಾದ ಹೊರಕ್ಕೆ ಹೊರಳುವುದಕ್ಕಿಂತ ಒಳಕ್ಕೆ ಹೊರಳುವುದು ಸುಲಭ. ಆದ್ದರಿಂದಲೇ ಕಾಲು ಉಳುಕಿದಾಗ ಬಾವು ಬರುವುದು ಹೆಚ್ಚಾಗಿ ಹೊರಬದಿಗೆ.

ಈ ಎರಡು ತುದಿಗಳು ಇಕ್ಕಳದಂತೆ ಹಿಡಿದುಕೊಂಡಿರುವ ಎಲುಬಿಗೆ ಟೇಲಸ್ ಎಂದು ಹೆಸರು. ದೇಹದ ಭಾರ ಪಾದಕ್ಕೆ ಇಳಿಯುವುದು ಈ ಒಂದು ಎಲುಬಿನ ಮೂಲಕ. ಆಶ್ಚರ್ಯವೆಂದರೆ ಇಷ್ಟು ಭಾರ ಹೊರುವ ಎಲುಬಿಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದರ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಕೀಲಿನ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿದೆ. ಹಾಗಾಗಿ ರಕ್ತನಾಳಗಳು ಒಳಗೆ ಹೋಗಲು ಉಳಿದಿರುವ ಜಾಗ ಬಹಳ ಕಡಿಮೆ. ಮೋಟಾರ್ ಸೈಕಲ್ ಅಪಘಾತದಲ್ಲಿ ಅಥವಾ ಎತ್ತರದಿಂದ ಬಿದ್ದಾಗ ಟೇಲಸ್‌ನ ಕುತ್ತಿಗೆ ಮುರಿದರೆ ರಕ್ತ ಸಂಚಾರ ಕಡಿದುಹೋಗಿ ಎಲುಬಿನ ಒಂದು ಭಾಗ ಒಳಗೊಳಗೇ ಸಾಯುವ ಅಪಾಯವಿದೆ. ಇಂಥ ರೋಗಿಗೆ ತಿಂಗಳುಗಟ್ಟಲೆ ಕಾಲೂರಬೇಡಿ ಎಂದು ಹೇಳಿದಾಗ ಬಂಧುಗಳಿಗೆ ಬೇಸರವಾಗುತ್ತದೆ. "ಪಕ್ಕದ ಮನೆಯವರಿಗೆ ಆರು ವಾರಕ್ಕೇ ಪ್ಲಾಸ್ಟರ್ ಬಿಚ್ಚಿದರಲ್ಲ" ಎಂದು ಕೇಳುತ್ತಾರೆ. ಅವರ ಮುರಿದ ಎಲುಬು ಬೇರೆ, ಇವರದು ಬೇರೆ.

ಟೇಲಸ್‌ನ ಕೆಳಗೆ ಹಿಮ್ಮಡಿಯ ಎಲುಬು ಇದೆ. ಪಾದದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಮೀನಖಂಡದಿಂದ ಇಳಿದು ಬರುವ ದಪ್ಪ ಹುರಿ ಇದರ ಹಿಂಬದಿಗೆ ಅಂಟಿಕೊಂಡಿದೆ. ಜನ ಅದನ್ನು ನರ ಎನ್ನುತ್ತಾರೆ. ಅದು ನರವಲ್ಲ, ಸ್ನಾಯುವಿನ ತುದಿ. ಹಿಮ್ಮಡಿ ಎಲುಬು ಮುಟ್ಟಲು ಕಲ್ಲಿನಂತಿದ್ದರೂ ಮೇಲಿರುವುದು ತೆಳುವಾದ ಗಟ್ಟಿ ಪದರ ಮಾತ್ರ. ಒಳಗೆಲ್ಲ ಜೇನುಗೂಡಿನಂತೆ ರಂಧ್ರಗಳು. ತೆಂಗಿನ ಮರದಿಂದ, ಬಣವೆಯಿಂದ, ಮಾಳಿಗೆಯಿಂದ, ಕಟ್ಟಡದ ಕೆಲಸದ ಅಟ್ಟಣಿಗೆಯಿಂದ ಜಾರಿದವರು ಕಾಲ ಮೇಲೆ ನಿಂತಂತೆ ನೆಲಕ್ಕೆ ಬಂದರೆ ಈ ಎಲುಬು ಬೆಲ್ಲದುಂಡೆ ಒಡೆದಂತೆ ಚೂರಾಗಿ ಚಪ್ಪಟೆಯಾಗುತ್ತದೆ.

ಹೀಗೆ ಬಿದ್ದವರನ್ನು ಕರೆತರುವವರು ಒಂದು ವಿಷಯ ತಿಳಿದಿರಬೇಕು. ಬಿದ್ದ ರಭಸ ಹಿಮ್ಮಡಿಯಲ್ಲೇ ನಿಲ್ಲುವುದಿಲ್ಲ, ಕಾಲಿನ ಮೂಲಕ ಸೊಂಟದ ಬೆನ್ನೆಲುಬಿಗೂ ಏರುತ್ತದೆ. ಹಿಮ್ಮಡಿ ಮುರಿದವರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಬೆನ್ನೆಲುಬಿನಲ್ಲೂ ಮುರಿತ ಇರುತ್ತದೆ. ಹಿಮ್ಮಡಿಯ ನೋವು ವಿಪರೀತವಾಗಿರುವುದರಿಂದ ರೋಗಿ ಬೆನ್ನಿನ ಬಗ್ಗೆ ಹೇಳುವುದೇ ಇಲ್ಲ. ಆದ್ದರಿಂದ ಅಂಥವರನ್ನು ತೋಳು ಹಿಡಿದು ಎಬ್ಬಿಸಿ ಬೈಕಿನ ಮೇಲೆ ನಡುವೆ ಕೂಡಿಸಿಕೊಂಡು ಬರಬೇಡಿ. ಹಲಗೆಯ ಮೇಲೆ ಅಥವಾ ಬಾಗಿಲಿನ ಮೇಲೆ ಅಂಗಾತ ಮಲಗಿಸಿ ತನ್ನಿ. ಬೆನ್ನನ್ನೂ ಇನ್ನೊಂದು ಹಿಮ್ಮಡಿಯನ್ನೂ ನೋಡಿರಿ ಎಂದು ಡಾಕ್ಟರರಿಗೆ ನೀವೇ ನೆನಪಿಸಿ, ಅದರಲ್ಲಿ ಸಂಕೋಚ ಬೇಡ.

ಬೀಳದೆ, ಪೆಟ್ಟಾಗದೆ ಬರುವ ಹಿಮ್ಮಡಿ ನೋವು ಬೇರೆ ಜಾತಿಯದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದಂತಾಗುವುದು, ಹತ್ತು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುವುದು, ಮತ್ತೆ ಕುಳಿತು ಎದ್ದರೆ ಮರಳಿ ಬರುವುದು ಇದರ ಲಕ್ಷಣ. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಲ್ಲಿ ಚಾಚಿರುವ ಗಟ್ಟಿ ಪಟ್ಟಿಯೊಂದು ಎಲುಬಿಗೆ ಅಂಟಿಕೊಂಡ ಜಾಗದಲ್ಲಿ ಸವೆದು ನೋಯುತ್ತದೆ. ಎಕ್ಸ್-ರೇಯಲ್ಲಿ ಅಲ್ಲೊಂದು ಮುಳ್ಳಿನಂಥ ಬೆಳವಣಿಗೆ ಕಂಡರೆ "ಎಲುಬು ಬೆಳೆದಿದೆ, ಆಪರೇಷನ್ ಆಗಬೇಕು" ಎಂದು ಮನೆಯವರೆಲ್ಲ ಹೆದರುತ್ತಾರೆ. ಆ ಮುಳ್ಳು ನೋವೇ ಇಲ್ಲದ ಅನೇಕರ ಪಾದದಲ್ಲೂ ಇರುತ್ತದೆ. ಹಾಸಿಗೆಯಿಂದ ಏಳುವ ಮೊದಲು ಪಾದದ ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು ಹಿಡಿಯುವುದು, ಗೋಡೆಗೆ ಕೈಯೂರಿ ಮೀನಖಂಡ ಚಾಚುವುದು, ಮೆತ್ತನೆಯ ಚಪ್ಪಲಿ, ಇಷ್ಟರಿಂದಲೇ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ. ತಾಳ್ಮೆ ಬೇಕು ಅಷ್ಟೆ.

ನಡುಪಾದದ ಕಮಾನು

ಒಳಗಡೆಯ ಗಂಟಿನ ಉಬ್ಬಿನಿಂದ ಬೆರಳನ್ನು ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಸರಿಸುತ್ತಾ ಬನ್ನಿ. ಎರಡು ಮೂರು ಬೆರಳಿನ ಅಗಲ ದಾಟಿದ ಮೇಲೆ ಇನ್ನೊಂದು ಎಲುಬು ಗಂಟಿನಂತೆ ತಾಗುತ್ತದೆ. ಇದು ನಾವಿಕ್ಯುಲರ್. ದೋಣಿಯ ಆಕಾರ ಇರುವುದರಿಂದ ಈ ಹೆಸರು. ಇದರ ಮುಂದೆ ಬೆಣೆಯಾಕಾರದ ಮೂರು ಎಲುಬುಗಳು ಸಾಲಾಗಿವೆ. ಹೊರಬದಿಗೆ ಚೌಕ ಪೆಟ್ಟಿಗೆಯಂಥ ಒಂದು ಎಲುಬು. ಹಿಂದಿನ ಎರಡು, ಈ ಐದು ಸೇರಿ ಏಳಾದವು.

ಹಳೆಯ ಕೋಟೆಯ ಬಾಗಿಲಿನಲ್ಲಿ ಕಲ್ಲಿನ ಕಮಾನು ನೋಡಿರುತ್ತೀರಿ. ಬೆಣೆಯಂತೆ ಕಡೆದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ. ಭಾರ ಬಿದ್ದಷ್ಟೂ ಬಿಗಿಯಾಗುತ್ತವೆ. ನಡುಪಾದದ ಎಲುಬುಗಳು ಕುಳಿತಿರುವುದು ಹಾಗೆಯೇ. ಸ್ನಾನದ ನಂತರ ಒದ್ದೆ ಕಾಲಿನಿಂದ ಒಣ ನೆಲದ ಮೇಲೆ ಹೆಜ್ಜೆ ಇಟ್ಟು ನೋಡಿ. ಹಿಮ್ಮಡಿ, ಹೊರ ಅಂಚು, ಬೆರಳುಗಳ ಬುಡ ಮತ್ತು ಬೆರಳುಗಳು ಮಾತ್ರ ಮೂಡಿ ಒಳಗಡೆಯ ಅಂಚು ಖಾಲಿ ಉಳಿದರೆ ಕಮಾನು ಚೆನ್ನಾಗಿದೆ ಎಂದರ್ಥ. ಆದರೆ ಕಲ್ಲಿನ ಕಮಾನಿಗೂ ಪಾದದ ಕಮಾನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಲ್ಲಿನದು ಅಲುಗುವುದಿಲ್ಲ. ಪಾದದ್ದು ಹೆಜ್ಜೆ ಊರಿದಾಗ ಸಡಿಲವಾಗಿ ನೆಲದ ಉಬ್ಬುತಗ್ಗಿಗೆ ಒಗ್ಗಿಕೊಳ್ಳುತ್ತದೆ, ನೆಲ ಒದ್ದು ಮುಂದೆ ಹೋಗುವಾಗ ಗಟ್ಟಿಯಾಗಿ ನಿಲ್ಲುತ್ತದೆ. ಕುಳಿತಲ್ಲಿಯೇ ಹೆಬ್ಬೆರಳನ್ನು ಮೇಲಕ್ಕೆ ಎಳೆದು ನೋಡಿ, ಅಂಗಾಲಿನ ಪಟ್ಟಿ ಬಿಗಿದು ಕಮಾನು ಮೇಲೇಳುವುದು ಕಾಣುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಇದು ತಾನಾಗಿಯೇ ನಡೆಯುತ್ತದೆ.

ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿದೆ ಎಂದು ತಾಯಂದಿರು ಗಾಬರಿಯಾಗುವುದು ಬೇಡ. ಹುಟ್ಟಿದಾಗ ನಡುಪಾದದ ಬಹುಪಾಲು ಎಲುಬು ಇನ್ನೂ ಮೃದ್ವಸ್ಥಿಯೇ ಆಗಿರುತ್ತದೆ. ನಾವಿಕ್ಯುಲರ್ ಎಕ್ಸ್-ರೇಯಲ್ಲಿ ಕಾಣಲು ಮಗುವಿಗೆ ಎರಡು ಮೂರು ವರ್ಷ ಆಗಬೇಕು. ಅಂಗಾಲಿನಲ್ಲಿ ಕೊಬ್ಬೂ ತುಂಬಿರುತ್ತದೆ. ತುದಿಗಾಲಲ್ಲಿ ನಿಂತಾಗ ಕಮಾನು ಕಾಣಿಸಿಕೊಂಡರೆ, ನೋವಿಲ್ಲದಿದ್ದರೆ, ಬೂಟು ಮಾಡಿಸುವ ಖರ್ಚು ಬೇಕಿಲ್ಲ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿ ಬಿಗಿಯಾಗಿದ್ದರೆ ಅದು ಬೇರೆ ಮಾತು. ಅಂಥ ಮಗುವನ್ನು ದೊಡ್ಡದಾಗಲಿ ಎಂದು ಕಾಯದೆ ಮೊದಲ ಕೆಲವು ವಾರಗಳಲ್ಲೇ ಕರೆತನ್ನಿ. ವಾರಕ್ಕೊಂದರಂತೆ ಪ್ಲಾಸ್ಟರ್ ಬದಲಿಸುತ್ತಾ ನೇರ ಮಾಡುವ ವಿಧಾನವನ್ನು ಅಮೆರಿಕದ ಅಯೋವಾದಲ್ಲಿ ಡಾ. ಇಗ್ನಾಸಿಯೋ ಪೊನ್ಸೆಟಿ ರೂಪಿಸಿದರು. ದೊಡ್ಡ ಆಪರೇಷನ್ ಇಲ್ಲದೆ ಬಹುತೇಕ ಮಕ್ಕಳ ಪಾದ ಇದರಿಂದ ನೇರವಾಗುತ್ತದೆ. ಆಮೇಲೆ ರಾತ್ರಿ ಹೊತ್ತು ಹಾಕುವ ಬೂಟಿನ ಪಟ್ಟಿಯನ್ನು ನಾಲ್ಕು ವರ್ಷದವರೆಗೂ ಬಿಡಬಾರದು. ಮಗು ಅಳುತ್ತದೆ ಎಂದು ಅಜ್ಜಿ ಬಿಚ್ಚಿಟ್ಟ ಮನೆಗಳಲ್ಲಿ ಪಾದ ಮತ್ತೆ ತಿರುಗುತ್ತದೆ.

ಮುಂಪಾದ ಮತ್ತು ಬೆರಳುಗಳು

ನಡುಪಾದದಿಂದ ಬೆರಳುಗಳ ಬುಡದವರೆಗೆ ಐದು ಉದ್ದ ಎಲುಬುಗಳಿವೆ. ಪಾದದ ಮೇಲ್ಭಾಗದಲ್ಲಿ ಬೆರಳಾಡಿಸಿದರೆ ಕೊಡೆಯ ಕಡ್ಡಿಗಳಂತೆ ತಾಗುತ್ತವೆ. ಬೆರಳುಗಳಲ್ಲಿ ಒಟ್ಟು 14 ಎಲುಬುಗಳು. ಹೆಬ್ಬೆರಳಿನಲ್ಲಿ ಎರಡು, ಉಳಿದವುಗಳಲ್ಲಿ ಮೂರು ಮೂರು. ಕಿರುಬೆರಳಿನ ಕೊನೆಯ ಎರಡು ಎಲುಬುಗಳು ಬಹಳ ಜನರಲ್ಲಿ ಕೂಡಿಕೊಂಡೇ ಇರುತ್ತವೆ, ಅದು ರೋಗವಲ್ಲ. ಹೆಬ್ಬೆರಳ ಬುಡದ ಕೆಳಗೆ ಕಡಲೆಕಾಳಿನಂಥ ಎರಡು ಪುಟ್ಟ ಎಲುಬುಗಳು ಬೇರೆ ಇವೆ, ಅವು 26ರ ಲೆಕ್ಕದಲ್ಲಿ ಇಲ್ಲ. ಕೆಲವರಿಗೆ ಇನ್ನೂ ಒಂದೆರಡು ಹೆಚ್ಚಿನ ಎಲುಬು ಹುಟ್ಟಿನಿಂದ ಇರುವುದುಂಟು. ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು "ಇಲ್ಲಿ ಒಂದು ಚೂರು ಬಿದ್ದಿದೆ" ಎಂದು ಮನೆಯಲ್ಲೇ ತೀರ್ಮಾನ ಮಾಡುವವರು ಇದನ್ನು ನೆನಪಿಡಬೇಕು.

ಐದು ಉದ್ದ ಎಲುಬುಗಳಲ್ಲಿ ಎರಡನೆಯದು ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದ. ಅದರ ಬುಡ ಬೆಣೆ ಎಲುಬುಗಳ ನಡುವಿನ ಸಂದಿಯಲ್ಲಿ ಗೂಟದಂತೆ ಸಿಕ್ಕಿಕೊಂಡಿರುವುದರಿಂದ ಅಲುಗುವುದು ಕಡಿಮೆ. ಪಾದದ ಇಡೀ ಮುಂಭಾಗಕ್ಕೆ ಇದೇ ಕೀಲಿಕಲ್ಲು. ಇದರಿಂದ ಎರಡು ಬಗೆಯ ತೊಂದರೆ ಬರುತ್ತದೆ.

ಒಂದನೆಯದು, ಪೆಟ್ಟಿಲ್ಲದೆ ಬರುವ ಬಿರುಕು. ನಡೆದು ರೂಢಿಯಿಲ್ಲದವರು ಒಮ್ಮೆಗೇ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ನಡೆದಾಗ ಎರಡನೆಯ ಅಥವಾ ಮೂರನೆಯ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. 1855ರಲ್ಲಿ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ಎಂಬವರು ಕವಾಯತು ಮಾಡುವ ಸೈನಿಕರಲ್ಲಿ ಈ ಬಾವನ್ನು ಗುರುತಿಸಿ ಬರೆದಿಟ್ಟರು. ಆಗ ಎಕ್ಸ್-ರೇ ಇರಲಿಲ್ಲವಾದ್ದರಿಂದ ಅದು ಎಲುಬಿನ ಬಿರುಕು ಎಂದು ಗೊತ್ತಾದದ್ದು ಬಹಳ ವರ್ಷಗಳ ನಂತರ. ನಮ್ಮಲ್ಲಿ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಇದನ್ನು ತಿಳಿದಿರುವುದು ಒಳ್ಳೆಯದು. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ನೋವು, ಅಲ್ಲಿಯೇ ಸ್ವಲ್ಪ ಬಾವು, ನಡೆದಷ್ಟೂ ಹೆಚ್ಚು, ಕುಳಿತರೆ ಕಡಿಮೆ. ಮೊದಲ ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು. ಎರಡು ಮೂರು ವಾರದ ನಂತರ ಮತ್ತೆ ತೆಗೆಸಿ ಎಂದು ಹೇಳಿದರೆ ದುಡ್ಡಿಗಾಗಿ ಎಂದು ತಿಳಿಯಬೇಡಿ. ಅಷ್ಟು ದಿನಗಳಲ್ಲಿ ಬಿರುಕಿನ ಸುತ್ತ ಹೊಸ ಎಲುಬು ಬೆಳೆದು ಕಾಣತೊಡಗುತ್ತದೆ. ವಿಶ್ರಾಂತಿಯೇ ಇದಕ್ಕೆ ಮದ್ದು. ಯಾತ್ರೆಗೆ ಹೋಗುವ ಎರಡು ತಿಂಗಳ ಮುಂಚಿನಿಂದ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ನಡೆದು ರೂಢಿ ಮಾಡಿಕೊಂಡರೆ ಎಲುಬೂ ಗಟ್ಟಿಯಾಗುತ್ತದೆ.

ಎರಡನೆಯದು ಆ ಗೂಟವೇ ಸಡಿಲಾಗುವುದು. ಎತ್ತು ಪಾದ ತುಳಿದಾಗ, ಟ್ರ್ಯಾಕ್ಟರ್ ಗಾಲಿ ಹಾದಾಗ, ಗುಂಡಿಯಲ್ಲಿ ಮುಂಪಾದ ಸಿಕ್ಕಿ ದೇಹ ಮುಂದಕ್ಕೆ ಮುಗ್ಗರಿಸಿದಾಗ ಹೀಗಾಗುತ್ತದೆ. ನಡುಪಾದ ಮುಂಪಾದ ಸೇರುವ ಈ ಸಾಲಿಗೆ ನೆಪೋಲಿಯನ್ ಕಾಲದ ಫ್ರಾನ್ಸಿನ ಶಸ್ತ್ರವೈದ್ಯ ಲಿಸ್‌ಫ್ರಾಂಕ್ ಅವರ ಹೆಸರಿದೆ. ಕೊಳೆತ ಮುಂಪಾದವನ್ನು ಈ ಸಾಲಿನಲ್ಲಿ ಬೇಗನೆ ಕತ್ತರಿಸಿ ತೆಗೆಯುವ ಕ್ರಮವನ್ನು ಅವರು ವಿವರಿಸಿದ್ದರು. ಹೆಬ್ಬೆರಳಿನ ಹಿಂದಿನ ಎಲುಬಿನ ಬುಡಕ್ಕೂ ಎರಡನೆಯದರ ಬುಡಕ್ಕೂ ನಡುವೆ ನೇರ ಕಟ್ಟು ಇಲ್ಲ. ಬೆಣೆ ಎಲುಬಿನಿಂದ ಓರೆಯಾಗಿ ಬರುವ ಒಂದು ಗಟ್ಟಿ ಲಿಗಮೆಂಟ್ ಆ ಜಾಗವನ್ನು ಕಾಯುತ್ತದೆ. ಅದು ಹರಿದರೆ ಮಲಗಿಸಿ ತೆಗೆದ ಎಕ್ಸ್-ರೇಯಲ್ಲಿ ಎಲ್ಲ ಸರಿಯಾಗಿರುವಂತೆ ಕಂಡು, ಭಾರ ಹಾಕಿದಾಗ ಮಾತ್ರ ಬಾಯಿ ಬಿಡುತ್ತದೆ. ಇದು ಉಳುಕು ಎಂದು ತಿಳಿದು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡವರ ಕಮಾನು ಕೆಲವು ತಿಂಗಳಲ್ಲಿ ಕುಸಿದು ಜೀವಮಾನದ ನೋವು ಉಳಿಯುತ್ತದೆ. ಇದನ್ನು ಅನುಮಾನಿಸಲು ಒಂದು ಗುರುತು ಹೇಳುತ್ತೇವೆ: ಪಾದ ಹೊರಳಿದ ಒಂದೆರಡು ದಿನದಲ್ಲಿ ಅಂಗಾಲಿನ ನಡುವೆ, ಕೆಳಗಡೆ, ನೀಲಿಗಟ್ಟಿದ್ದರೆ ಅದು ಬರೀ ಉಳುಕಲ್ಲ ಎಂದು ತಿಳಿದು ಬನ್ನಿ.

ಉಳುಕೋ, ಮುರಿತವೋ?

ಉಳುಕಿ ಬಂದವರೆಲ್ಲರಿಗೂ ಎಕ್ಸ್-ರೇ ಬೇಕಿಲ್ಲ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ಪರೀಕ್ಷೆಯೊಂದನ್ನು ಇಂದು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಕುಂಟುತ್ತಲಾದರೂ ಸರಿ, ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ ಎಂಬುದು ಒಂದು. ಎಲುಬನ್ನು ಒತ್ತಿದರೆ ನೋಯುತ್ತದೆಯೇ ಎಂಬುದು ಇನ್ನೊಂದು. ಒತ್ತಿ ನೋಡಬೇಕಾದ ಜಾಗಗಳು ನಿಮಗೆ ಈಗಾಗಲೇ ಪರಿಚಯವಾಗಿವೆ: ಗಂಟಿನ ಎರಡು ಉಬ್ಬುಗಳ ಹಿಂಬದಿ ಅಂಚು ಮತ್ತು ತುದಿ, ಒಳಬದಿಯ ದೋಣಿ ಎಲುಬು. ಇವುಗಳ ಜೊತೆಗೆ ಪಾದದ ಹೊರ ಅಂಚಿನ ಸರಿಸುಮಾರು ಮಧ್ಯದಲ್ಲಿ ಮೊಳಕೆಯಂತೆ ತಾಗುವ ಎಲುಬು. ಇದು ಕಿರುಬೆರಳಿನ ಹಿಂದಿನ ಉದ್ದ ಎಲುಬಿನ ಬುಡ. ಪಾದ ಒಳಕ್ಕೆ ಹೊರಳಿದಾಗ ಇದರ ಒಂದು ಚೂರು ಕಿತ್ತು ಬರುವುದು ಬಹಳ ಸಾಮಾನ್ಯ. ಲಿವರ್‌ಪೂಲಿನ ಹೆಸರಾಂತ ಎಲುಬು ತಜ್ಞ ರಾಬರ್ಟ್ ಜೋನ್ಸ್ ನೃತ್ಯ ಮಾಡುವಾಗ ತಮ್ಮದೇ ಪಾದದ ಈ ಎಲುಬನ್ನು ಮುರಿದುಕೊಂಡು 1902ರಲ್ಲಿ ಅದರ ಬಗ್ಗೆ ಲೇಖನ ಬರೆದರು. ತುದಿಯ ಚೂರು ಕಿತ್ತರೆ ಸುಲಭವಾಗಿ ಕೂಡುತ್ತದೆ. ಅದಕ್ಕಿಂತ ಸ್ವಲ್ಪ ಮುಂದೆ ಮುರಿದರೆ ರಕ್ತ ಸಂಚಾರ ಕಡಿಮೆಯಾದ್ದರಿಂದ ಕೂಡಲು ತಡವಾಗುತ್ತದೆ.

ಈ ಜಾಗಗಳಲ್ಲಿ ನೋವಿಲ್ಲದೆ, ನಾಲ್ಕು ಹೆಜ್ಜೆ ನಡೆಯಲು ಬಂದರೆ ಎಲುಬು ಮುರಿದಿರುವ ಸಾಧ್ಯತೆ ಬಹಳ ಕಡಿಮೆ. ಪಾದ ಎತ್ತರಿಸಿ ಇಡಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ನಾಟಿ ಕಟ್ಟು ಹಾಕಿಸಿಕೊಂಡವರ ಬೆರಳು ಊದಿ, ನೀಲಿಯಾಗಿ, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯದೆ ಕಟ್ಟನ್ನು ಸಡಿಲಿಸಿ ಕೂಡಲೇ ಆಸ್ಪತ್ರೆಗೆ ತನ್ನಿ. ಬಿಗಿ ಕಟ್ಟಿನಿಂದ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಪಾದದ ಸ್ನಾಯುಗಳು ಸಾಯುತ್ತವೆ.

ಈ ಪರೀಕ್ಷೆ ಇಡೀ ನಿಂತಿರುವುದು ನೋವಿನ ಮೇಲೆ. ನೋವೇ ತಿಳಿಯದವರ ಪಾದಕ್ಕೆ ಇದು ಅನ್ವಯಿಸುವುದಿಲ್ಲ.

ನೋಯದೆ ಮುರಿಯುವ ಪಾದ

ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿಯಲ್ಲಿ ಇಲ್ಲದಿದ್ದರೆ ಪಾದದ ನರಗಳು ಬೆರಳ ತುದಿಯಿಂದ ಮೇಲಕ್ಕೆ ಮಂಕಾಗುತ್ತಾ ಬರುತ್ತವೆ. ಇಲ್ಲಿ ನರ ಎಂದರೆ ನಿಜವಾದ ನರ, ಸ್ಪರ್ಶ ನೋವು ಬಿಸಿ ತಣ್ಣಗೆ ತಿಳಿಸುವ ತಂತಿ. ಕೆಲವರಿಗೆ ಹತ್ತಿಯ ಮೇಲೆ ನಡೆದಂತೆ ಅನಿಸುತ್ತದೆ, ಕೆಲವರಿಗೆ ರಾತ್ರಿ ಅಂಗಾಲು ಉರಿ. ಬಹಳ ಜನರಿಗೆ ಏನೂ ಅನಿಸುವುದಿಲ್ಲ, ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯುವುದಿಲ್ಲ.

ಇಂಥವರು ಒಂದು ಮೆಟ್ಟಿಲು ತಪ್ಪಿದರು ಎಂದುಕೊಳ್ಳಿ. ನಡುಪಾದದ ಒಂದು ಎಲುಬಿನಲ್ಲಿ ಸಣ್ಣ ಬಿರುಕು ಬಿತ್ತು. ನೋವು ಇರುವವರಾದರೆ ಕುಂಟುತ್ತಾರೆ, ಕೂಡುತ್ತಾರೆ, ಎಲುಬು ಕೂಡಿಕೊಳ್ಳುತ್ತದೆ. ನೋವು ತಿಳಿಯದವರು ಹೊಲಕ್ಕೆ ಹೋಗುತ್ತಾರೆ, ಅಂಗಡಿಗೆ ಹೋಗುತ್ತಾರೆ. ಪೆಟ್ಟಾದ ಜಾಗಕ್ಕೆ ರಕ್ತ ನುಗ್ಗಿ ಸುತ್ತಲ ಎಲುಬುಗಳು ಮೆತ್ತಗಾಗುತ್ತವೆ. ಅದರ ಮೇಲೆಯೇ ದಿನಕ್ಕೆ ಸಾವಿರಾರು ಹೆಜ್ಜೆ ಬೀಳುತ್ತವೆ. ಒಂದರ ನಂತರ ಒಂದು ಎಲುಬು ಮುರಿದು, ಕೀಲುಗಳು ಜಾರಿ, ಕೆಲವೇ ವಾರಗಳಲ್ಲಿ ಕಮಾನು ಕೆಳಗೆ ಬಿದ್ದು ಅಂಗಾಲು ತೊಟ್ಟಿಲ ತಳದಂತೆ ಉಬ್ಬುತ್ತದೆ. ಆ ಉಬ್ಬಿನ ಮೇಲೆ ಆಣಿ, ಆಣಿಯ ಕೆಳಗೆ ಹುಣ್ಣು, ಹುಣ್ಣಿನಿಂದ ಕೀವು ಎಲುಬಿಗೆ ಇಳಿಯುವುದು, ಕೊನೆಗೆ ಪಾದ ತೆಗೆಯಬೇಕಾಗುವುದು. ನಾವು ತಪ್ಪಿಸಬೇಕೆಂದಿರುವುದು ಇದನ್ನೇ.

ಡಾಕ್ಟರರು ಇದಕ್ಕೆ ಶಾರ್ಕೋ ಪಾದ ಎನ್ನುತ್ತಾರೆ. ನರಗಳು ಕೆಟ್ಟ ರೋಗಿಗಳಲ್ಲಿ ಕೀಲುಗಳು ಹೀಗೆ ಹಾಳಾಗುವುದನ್ನು 1868ರಲ್ಲಿ ಪ್ಯಾರಿಸ್ಸಿನ ಡಾ. ಶಾರ್ಕೋ ವಿವರಿಸಿದರು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದೆ ಎಂದು 1936ರಲ್ಲಿ ಅಮೆರಿಕದ ವೈದ್ಯರೊಬ್ಬರು ತೋರಿಸಿದರು. ಇದಕ್ಕಿರುವ ಮುಖ್ಯ ಚಿಕಿತ್ಸೆಯ ಕಥೆಯಲ್ಲಿ ನಮ್ಮ ನೆರೆಯ ವೆಲ್ಲೂರಿಗೂ ಸ್ಥಾನವಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಬೆರಳು, ಪಾದ ಉದುರುವುದು ರೋಗ ಅವನ್ನು ಕೊಳೆಯಿಸುವುದರಿಂದ ಅಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ತೋರಿಸಿಕೊಟ್ಟರು. ಅಂಗಾಲಿನ ಹುಣ್ಣಿಗೆ ಮುಲಾಮಿಗಿಂತ ಪಾದಕ್ಕೆ ಒತ್ತಿಕೊಳ್ಳುವ ಪ್ಲಾಸ್ಟರ್ ಹಾಕಿ ಭಾರವನ್ನು ಹಂಚುವುದೇ ಮದ್ದು ಎಂದು ಕಂಡುಕೊಂಡರು. ಆಮೇಲೆ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಅದೇ ವಿಧಾನ ಅಲ್ಲಿ ಸಕ್ಕರೆ ಕಾಯಿಲೆಯವರ ಪಾದಕ್ಕೂ ಬಳಕೆಗೆ ಬಂತು.

ಆರಂಭದ ಗುರುತು ಯಾವುದು? ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಬೆಚ್ಚಗೆ ಇರುವುದು. ಮುಂಗೈಯ ಹಿಂಬದಿಯನ್ನು ಎರಡೂ ಪಾದಗಳಿಗೆ ತಾಗಿಸಿ ಹೋಲಿಸಿ ನೋಡಿ. ಎರಡು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವೇ ಸಾಕು, ಕೈಗೆ ತಿಳಿಯುತ್ತದೆ. ಜ್ವರ ಇರದಿರಬಹುದು, ಗಾಯವೂ ಇರದಿರಬಹುದು, ನೋವು ಅಲ್ಪಸ್ವಲ್ಪ ಇರಬಹುದು ಅಥವಾ ಇಲ್ಲದಿರಬಹುದು. ಇದನ್ನು ಉಳುಕು ಎಂದೋ, ಕೀವು ಆಗುತ್ತಿದೆ ಎಂದೋ, ಯೂರಿಕ್ ಆಸಿಡ್ ಎಂದೋ ತಿಳಿಯುವುದು ಬಹಳ. ಮೊದಲ ಎಕ್ಸ್-ರೇಯೂ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಶುಗರ್ ಇರುವವರ ಒಂದು ಪಾದ ಬೆಚ್ಚಗೆ ಊದಿದರೆ, ಬೇರೆ ಕಾರಣ ಖಚಿತವಾಗುವವರೆಗೂ ಶಾರ್ಕೋ ಎಂದೇ ತಿಳಿದು, ಅಂದೇ ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸಿ ಬನ್ನಿ. ಬಿಸಿನೀರಿನ ಶಾಖ, ಉಪ್ಪಿನ ಕಾವು ಕೊಡಲೇಬೇಡಿ. ಬಿಸಿ ಅವರಿಗೆ ತಿಳಿಯುವುದಿಲ್ಲ, ಚರ್ಮ ಬೆಂದುಹೋಗುತ್ತದೆ. ತಿಕ್ಕಿಸುವುದೂ ಬೇಡ.

ಚಿಕಿತ್ಸೆ ಎಂದರೆ ಮೊಣಕಾಲಿನ ಕೆಳಗಿನಿಂದ ಬೆರಳಿನವರೆಗೆ ಪ್ಲಾಸ್ಟರ್. ಬಾವು ಇಳಿದಂತೆ ಪ್ಲಾಸ್ಟರ್ ಸಡಿಲವಾಗುವುದರಿಂದ ಮೊದಮೊದಲು ಕೆಲವೇ ದಿನಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಎರಡ್ಮೂರು ವಾರದಲ್ಲಿ ಪಾದ ಸಪೂರವಾದದ್ದು ನೋಡಿ "ಗುಣವಾಯಿತು, ಇನ್ನೇಕೆ ಈ ಭಾರ" ಎಂದು ಬಿಚ್ಚಿಸಿಕೊಂಡು ಹೋಗುವವರಿದ್ದಾರೆ. ಎರಡೂ ಪಾದಗಳು ಒಂದೇ ಬೆಚ್ಚಗೆ ಆಗುವವರೆಗೆ ಎಲುಬು ಗಟ್ಟಿಯಾಗಿಲ್ಲ ಎಂದರ್ಥ. ಅದಕ್ಕೆ ಮೂರರಿಂದ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ದುಡಿಯುವ ಯಜಮಾನರು ಆರು ತಿಂಗಳು ಮನೆಯಲ್ಲಿ ಕೂಡುವುದು ಎಷ್ಟು ಕಷ್ಟ ಎಂಬುದು ನಮಗೆ ಗೊತ್ತಿದೆ. ಕುಳಿತು ಮಾಡುವ ಕೆಲಸ ಏನಿದೆ ಎಂದು ಮನೆಯವರು ಕೂಡಿ ಮೊದಲ ವಾರದಲ್ಲೇ ಯೋಚಿಸಿಕೊಳ್ಳಿ, ನಡುವೆ ಬಿಡುವಂತಾಗಬಾರದು.

ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಎಂದು ಮನೆಯಲ್ಲಿಯೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಈ ಪರೀಕ್ಷೆಗೆ ಯಾವ ಸಾಮಾನೂ ಬೇಡ. ರೋಗಿ ಕಣ್ಣು ಮುಚ್ಚಿ ಮಲಗಲಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಎರಡೂ ಪಾದಗಳಲ್ಲಿ, ಹೀಗೆ ಆರು ಕಡೆ, ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಒಂದು ಕಡೆ ಎರಡು ಸಲ ಮುಟ್ಟಬೇಡಿ. ಮುಟ್ಟಿದಾಗ ಎಡಗಾಲೋ ಬಲಗಾಲೋ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಪಾದದ ರಕ್ಷಣೆಯ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ತೋರಿಸಿಕೊಳ್ಳಿ.

ಅಂಥವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಕಲ್ಲಿನ ಅಂಗಳದಲ್ಲಿ ಪ್ರದಕ್ಷಿಣೆ ಬೇಡ, ಬೆಳಗಿನ ಜಾವ ಮಾಡಲಿ. ಪಾದಯಾತ್ರೆಯ ಹರಕೆ ಇದ್ದರೆ ಹೊರಡುವ ಮೊದಲು ಡಾಕ್ಟರರೊಡನೆ ಮಾತನಾಡಿ. ದಿನಾ ರಾತ್ರಿ ಊಟದ ನಂತರ ಮನೆಯವರಲ್ಲಿ ಒಬ್ಬರು, ಮಗಳಾಗಲಿ ಸೊಸೆಯಾಗಲಿ ಮೊಮ್ಮಗನಾಗಲಿ, ಅವರ ಅಂಗಾಲು ಮತ್ತು ಬೆರಳ ಸಂದಿಗಳನ್ನು ಬೆಳಕಿನಲ್ಲಿ ನೋಡಲಿ, ಮುಂಗೈ ಹಿಂಬದಿಯಿಂದ ಬೆಚ್ಚಗಿದೆಯೇ ಎಂದು ಮುಟ್ಟಲಿ. ಬೂಟು ಹಾಕುವ ಮುನ್ನ ಕೊಡವಿ, ಒಳಗೆ ಕೈ ಹಾಕಿ ನೋಡಲಿ. ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಬರೆದುಕೊಟ್ಟಿದ್ದರೆ ಅದನ್ನೇ ಬಳಸಿ, ಹಿಂದೆ ಪಟ್ಟಿ ಇರುವಂಥದ್ದೇ ಇರಲಿ.

ಮುಂದಿನ ಸಲ ಬರುವಾಗ ಹಳೆಯ ಎಕ್ಸ್-ರೇ ಫಿಲ್ಮುಗಳನ್ನೂ, ನೀವು ದಿನಾ ಹಾಕುವ ಚಪ್ಪಲಿಯನ್ನೂ ತನ್ನಿ. ಹಬ್ಬಕ್ಕೆ ಕೊಂಡ ಹೊಸ ಚಪ್ಪಲಿ ಬೇಡ. ಹಳೆಯದು ಯಾವ ಬದಿಗೆ ಸವೆದಿದೆ, ಒಳಗೆ ಯಾವ ಜಾಗದಲ್ಲಿ ಗುಳಿ ಬಿದ್ದಿದೆ ಎಂಬುದನ್ನು ನೋಡಿದರೆ ನಿಮ್ಮ ಪಾದದ ಯಾವ ಎಲುಬಿನ ಮೇಲೆ ಭಾರ ಹೆಚ್ಚು ಬೀಳುತ್ತಿದೆ ಎಂದು ನಮಗೆ ತಿಳಿಯುತ್ತದೆ.